ಕೋಳಿ ಕುತ್ತಿಗೆ ತಿರುಚಿ ಸಾಯುತ್ತಿವೆ. ಕೊಕ್ಕರೆ ರೋಗವೋ, ಹಕ್ಕಿ ಜ್ವರವೋ? ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯವರು ಹೇಳಿ

ಕಾರಟಗಿ ಕಣಜ

ಎಲ್ಲರಿಗೂ ನಮಸ್ಕಾರ. ಕಾರಟಗಿ ಹತ್ತಿರದ ಹಳ್ಳಿ ನಮ್ಮದು. ಮನೆ ಹಿಂದೆ ಜವಾರಿ ಕೋಳಿ ಸಾಕಿದ್ದೇವೆ, ಜೊತೆಗೆ ನಾಲ್ಕಾರು ಗಿರಿರಾಜ. ಈ ವಾರದಿಂದ ಒಂದೊಂದೇ ಸಾಯುತ್ತಿವೆ. ಮೊದಲು ಮಂಕಾಗಿ ಮೂಲೆ ಹಿಡಿಯುತ್ತವೆ. ರೆಕ್ಕೆ ಜೋಲು ಬೀಳುತ್ತದೆ. ಹಿಕ್ಕೆ ಹಸಿರು, ಬಿಳಿ, ನೀರು ನೀರು. ಬಾಯಿ ತೆರೆದು ಉಸಿರು ಎಳೆಯುತ್ತವೆ. ಒಂದೆರಡು ಹ್ಯಾಟೆಗಳ ಕುತ್ತಿಗೆ ಹಿಂದಕ್ಕೆ ತಿರುಚಿಕೊಂಡಿದೆ, ಕಾಳು ಹೆಕ್ಕಲು ಹೋದರೆ ಕೊಕ್ಕು ನೆಲಕ್ಕೆ ಎಲ್ಲೋ ಬೀಳುತ್ತದೆ. ನೋಡಲು ಸಂಕಟವಾಗುತ್ತದೆ.

ಈಗ ಪಕ್ಕದ ಮನೆಯಲ್ಲೂ ಶುರುವಾಗಿದೆ. ಓಣಿ ತುಂಬ "ಹಕ್ಕಿ ಜ್ವರ ಬಂತು" ಅನ್ನುವ ಮಾತು. ನಮ್ಮ ಮಾವನವರು ಮಾತ್ರ "ಇದು ವರ್ಷಾ ಬರುವ ಕೊಕ್ಕರೆ ರೋಗ, ಬೆಳ್ಳುಳ್ಳಿ ಅರಿಶಿಣ ಕೊಡಿ" ಅನ್ನುತ್ತಾರೆ. ಔಷಧಿ ಅಂಗಡಿಯವನು ಟೆಟ್ರಾಸೈಕ್ಲಿನ್ ಪುಡಿ ಕೊಟ್ಟು ಕಳಿಸಿದ. ಇನ್ನೊಬ್ಬರು, "ಸುಮ್ನೆ ಉಳಿದ ಕೋಳಿ ಸಂತೆಗೆ ಹೊಡೆದು ಬಿಡು, ದುಡ್ಡಾದರೂ ಉಳಿಯುತ್ತದೆ" ಅಂದರು.

ನನ್ನ ಪ್ರಶ್ನೆ ಇಷ್ಟೇ. ಇದು ಯಾವ ರೋಗ? ಉಳಿದವನ್ನು ಹೇಗೆ ಉಳಿಸಿಕೊಳ್ಳಲಿ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಮೊಟ್ಟೆ ಕೊಡಬಹುದಾ?

ಮಸ್ಕಿ ಮಲ್ಲಿಗೆ

ನಮ್ಮೂರಲ್ಲೂ ಬಿಸಿಲು ಏರುವಾಗ ಪ್ರತಿ ಸಲ ಇದೇ ಕಥೆ. ಓಣಿಗೆ ಓಣಿಯೇ ಖಾಲಿಯಾಗುತ್ತದೆ. ಸಾಯುವ ಮುಂಚೆ ಕೊಯ್ದು ಸಾರು ಮಾಡುವವರೇ ಜಾಸ್ತಿ. ಯಾರೂ ಏನೂ ಆಗಿಲ್ಲ ಅಂತ ಹೇಳುತ್ತಾರೆ. ನನಗಂತೂ ಭಯ.

ಹಳ್ಳಿ ಪಶುವೈದ್ಯ

ಕಣಜ ಅವರೇ, ಮೊದಲು ಮುಖ್ಯ ಮಾತು. ನೀವು ಹೇಳಿದ ಲಕ್ಷಣ ಓದಿದರೆ ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಅನ್ನಿಸುತ್ತದೆ. ಹಸಿರು ಹಿಕ್ಕೆ, ಉಸಿರಾಟದ ಕಷ್ಟ, ಬದುಕುಳಿದವಕ್ಕೆ ಕುತ್ತಿಗೆ ತಿರುಚುವುದು, ಕಾಲು ರೆಕ್ಕೆ ಸೋಲುವುದು, ಎಲ್ಲ ಅದಕ್ಕೆ ಹೊಂದುತ್ತದೆ. ಆದರೆ ಕಣ್ಣಿನಿಂದ ನೋಡಿ ಇದೇ ಅಂತ ಹೇಳಲು ನನಗೂ ಆಗದು, ನಿಮ್ಮ ಮಾವನವರಿಗೂ ಆಗದು. ಹಕ್ಕಿ ಜ್ವರದಲ್ಲೂ ಕುತ್ತಿಗೆ ತಿರುಚಬಹುದು. ರಾಣಿಖೇತ್ ಜೋರಾಗಿ ಬಂದರೆ ಅದರಲ್ಲೂ ಲಕ್ಷಣ ಕಾಣುವ ಮುಂಚೆಯೇ ಕೋಳಿ ಬೀಳಬಹುದು. ಹಕ್ಕಿ ಜ್ವರದ ಅನುಮಾನ ಜಾಸ್ತಿಯಾಗುವುದು ಯಾವಾಗ ಅಂದರೆ, ನಿನ್ನೆ ಚೆನ್ನಾಗಿದ್ದ ಹಿಂಡು ಇವತ್ತು ಸಾಮೂಹಿಕವಾಗಿ ಬಿದ್ದಾಗ, ತಲೆ ಊದಿದಾಗ, ಜುಟ್ಟು ಮತ್ತು ಗಲ್ಲ ನೀಲಿಗಟ್ಟಿದಾಗ, ಕಾಲಿನ ಚರ್ಮದ ಮೇಲೆ ರಕ್ತದ ಕಲೆ ಕಂಡಾಗ. ಆಗಲೂ ಖಚಿತವಾಗುವುದು ಲ್ಯಾಬಿನಲ್ಲೇ.

ಎರಡೂ ವೈರಸ್ಸೇ, ಆದರೆ ಬೇರೆ ಬೇರೆ ಕುಲದವು. ರಾಣಿಖೇತ್ 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಮತ್ತು ಜಾವಾದಲ್ಲಿ ಪತ್ತೆಯಾಯಿತು. ಮರುವರ್ಷವೇ ನಮ್ಮ ಕುಮಾವೂಂ ಬೆಟ್ಟದ ರಾಣಿಖೇತ್‌ನಲ್ಲಿ ಕಂಡಿತು. ಅಂದಿನಿಂದ ಹಳ್ಳಿಯ ಕೋಳಿಗಳನ್ನು ಬಿಟ್ಟಿಲ್ಲ. ಇದಕ್ಕೆ ಒಳ್ಳೆ ಲಸಿಕೆ ಇದೆ, ಅಗ್ಗವೂ ಇದೆ. ಮನುಷ್ಯರಿಗೆ ಬಂದರೆ ಸಾಮಾನ್ಯವಾಗಿ ಕಣ್ಣು ಕೆಂಪಾಗುತ್ತದೆ, ತಾನೇ ವಾಸಿಯಾಗುತ್ತದೆ. ಹಕ್ಕಿ ಜ್ವರದ ಎಚ್5ಎನ್1 ಹಾಗಲ್ಲ. ಅದು ಮನುಷ್ಯರಿಗೆ ಅಪರೂಪಕ್ಕೆ ಬರುತ್ತದೆ, ಬಂದರೆ ಜೀವಕ್ಕೇ ಅಪಾಯ. 2003ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕಕ್ಕೆ ಸಿಕ್ಕ ರೋಗಿಗಳಲ್ಲಿ ಹತ್ತಿರ ಹತ್ತಿರ ಅರ್ಧ ಜನ ಉಳಿಯಲಿಲ್ಲ.

ಟೆಟ್ರಾಸೈಕ್ಲಿನ್ ವೈರಸ್ಸಿಗೆ ನಾಟುವುದಿಲ್ಲ. ಮೇಲೆ ಬರುವ ಬ್ಯಾಕ್ಟೀರಿಯಾ ಸೋಂಕಿಗೆ ಸ್ವಲ್ಪ ಸಹಾಯ ಮಾಡಬಹುದು, ಅಷ್ಟೇ. ಬೆಳ್ಳುಳ್ಳಿ ಅರಿಶಿಣದಿಂದ ಹಾನಿ ಇಲ್ಲ, ಆದರೆ ಅದನ್ನು ನಂಬಿಕೊಂಡು ಕೂತು ವಾರ ಕಳೆದರೆ ಅದೇ ಹಾನಿ.

ಇವತ್ತೇ 1962ಕ್ಕೆ ಫೋನ್ ಮಾಡಿ. ಪಶು ಸಂಜೀವಿನಿಯ ಗಾಡಿ ಬರುತ್ತದೆ. ಇಲ್ಲವೇ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಸತ್ತ ಕೋಳಿಯನ್ನು ನೀವೇ ಕೊಯ್ದು ನೋಡಬೇಡಿ. ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಎರಡು ಕವರ್ ಒಳಗೆ ಹಾಕಿ ಕಟ್ಟಿಡಿ. ತಿಪ್ಪೆಗೂ ಕಾಲುವೆಗೂ ಎಸೆಯಲೇಬೇಡಿ. ಸಂತೆಗೆ ಹೊಡೆಯುವ ಮಾತು ಮರೆತುಬಿಡಿ. ಈ ಸಂತೆಯಿಂದಲೇ ಊರಿಂದೂರಿಗೆ ರೋಗ ಹೋಗುವುದು.

ಲೇಯರ್ ಶೆಡ್

ಡಾಕ್ಟರ್ ಸಾಹೇಬರಿಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ನಾಲ್ಕು ಜವಾರಿ ಕೋಳಿ ಸತ್ತಿದ್ದಕ್ಕೆ ಊರೆಲ್ಲ ಸುದ್ದಿ ಮಾಡಿದರೆ ನಮ್ಮಂಥವರ ಕಥೆ ಏನು? ಬಳ್ಳಾರಿ ಹತ್ತಿರ ನಮ್ಮದು ಮೊಟ್ಟೆ ಕೋಳಿ ಫಾರಂ. ದಿನಾ ಬೆಳಿಗ್ಗೆ ಮೊಟ್ಟೆ ದರ ಹೇಳುವ ನೆಕ್ (ಎನ್‌ಇಸಿಸಿ) ಪಟ್ಟಿಯಲ್ಲಿ ಹೊಸಪೇಟೆ ದರ ನೋಡಿಕೊಂಡೇ ನಮ್ಮ ಬದುಕು. 2025ರಲ್ಲಿ ಏನಾಯಿತು ಅಂತ ನೆನಪಿದೆಯಲ್ವಾ? ಆಂಧ್ರದಲ್ಲಿ ಗಲಾಟೆ ಶುರುವಾಯಿತು, ನಮ್ಮ ಶೆಡ್‌ನಲ್ಲಿ ಒಂದು ಕೋಳಿಗೂ ಏನೂ ಆಗಿರಲಿಲ್ಲ, ಆದರೂ ಕೊಳ್ಳುವವರು ದಿಕ್ಕು ದಿಕ್ಕಿಗೆ ಓಡಿದರು. ಮೇವಿನ ಸಾಲ, ಬ್ಯಾಂಕಿನ ಕಂತು ಯಾರೂ ನಿಲ್ಲಿಸಲಿಲ್ಲ. ವಾಟ್ಸಾಪ್‌ನಲ್ಲಿ ಯಾವುದೋ ದೇಶದ ಸತ್ತ ಕೋಳಿ ವಿಡಿಯೋ ಹಾಕಿ "ಬಳ್ಳಾರಿ" ಅಂತ ಬರೆದಿದ್ದರು.

ಅದಕ್ಕೇ ಹೇಳುವುದು, ಸದ್ದಿಲ್ಲದೆ ಹೂತು ಹಾಕಿ, ಸುಣ್ಣ ಹೊಡೆಯಿರಿ, ಮುಗಿಯಿತು.

ಸಂಡೂರು ಮಣ್ಣು

ಅಣ್ಣಾ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ "ಸದ್ದಿಲ್ಲದೆ" ಅನ್ನುವ ಮಾತಿಗೆ ನನ್ನ ಒಪ್ಪಿಗೆ ಇಲ್ಲ.

2025ರ ಫೆಬ್ರುವರಿಯಲ್ಲಿ ಆಂಧ್ರದ ಗೋದಾವರಿ ಜಿಲ್ಲೆಗಳಲ್ಲಿ ಎಚ್5ಎನ್1 ಬಂತು. ಆ ತಿಂಗಳ ಕೊನೆ ಹೊತ್ತಿಗೆ ನಮ್ಮ ಸಂಡೂರು ತಾಲ್ಲೂಕಿನ ಕುರೆಕುಪ್ಪದಲ್ಲಿ, ಅದೂ ಸರ್ಕಾರಿ ಕೋಳಿ ಕೇಂದ್ರದಲ್ಲಿ, ಎರಡು ಸಾವಿರಕ್ಕಿಂತ ಜಾಸ್ತಿ ಕೋಳಿ ಸತ್ತವು. ಅದೇ ಹೊತ್ತಿಗೆ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲೂ ಪತ್ತೆಯಾಯಿತು. ಎಲ್ಲ ನಿಯಮ ಗೊತ್ತಿರುವ, ದಾಖಲೆ ಇಡುವ ಸರ್ಕಾರಿ ಕೇಂದ್ರಕ್ಕೇ ಬಂದ ರೋಗ ನಮ್ಮ ನಿಮ್ಮ ಶೆಡ್‌ಗೆ ಬರುವುದಿಲ್ಲವಾ?

ಇದು ಕರ್ನಾಟಕಕ್ಕೆ ಮೊದಲ ಸಲವೂ ಅಲ್ಲ. 2012ರಲ್ಲಿ ಬೆಂಗಳೂರು ಹತ್ತಿರದ ಹೆಸರಘಟ್ಟದಲ್ಲಿ, 2020ರ ಮಾರ್ಚ್‌ನಲ್ಲಿ ಮೈಸೂರು ಮತ್ತು ಹರಿಹರ ಕಡೆ ಬಂದಿತ್ತು. ದೇಶಕ್ಕೆ ಮೊದಲು ಬಂದದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ಬಂದಾಗೆಲ್ಲ ಬೇಗ ಹೇಳಿದ ಕಡೆ ಬೇಗ ನಿಂತಿದೆ.

ಪರಿಹಾರದ ವಿಷಯವೂ ಇಲ್ಲೇ ಇದೆ ನೋಡಿ. ಸರ್ಕಾರ ಕೊಂದ ಕೋಳಿಗೆ, ನಾಶ ಮಾಡಿದ ಮೊಟ್ಟೆ ಮೇವಿಗೆ ದುಡ್ಡು ಬರುತ್ತದೆ. ಕೇಂದ್ರ ಅರ್ಧ, ರಾಜ್ಯ ಅರ್ಧ. ತಾನಾಗಿ ಸತ್ತ ಕೋಳಿಗೆ ಒಂದು ಪೈಸೆಯೂ ಇಲ್ಲ. ಮುಚ್ಚಿಟ್ಟು ಕೂತಷ್ಟೂ ಸತ್ತವು ಜಾಸ್ತಿ, ಪರಿಹಾರ ಕಡಿಮೆ. ಲೆಕ್ಕ ಹಾಕಿದರೂ ಹೇಳುವುದೇ ಲಾಭ.

ಹಳ್ಳಿ ಪಶುವೈದ್ಯ

ಸಂಡೂರಿನವರು ಸರಿಯಾಗಿ ಹೇಳಿದರು. ಇನ್ನೊಂದು ಸೇರಿಸುತ್ತೇನೆ. ಹಕ್ಕಿ ಜ್ವರದ ಅನುಮಾನ ಬಂದರೆ ತಿಳಿಸುವುದು ಕಾನೂನು ಕೂಡ, 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ಕಾಯ್ದೆ ಇದೆ. ಮಾದರಿ ಭೋಪಾಲ್‌ನ ಹೈ ಸೆಕ್ಯೂರಿಟಿ ಪ್ರಯೋಗಾಲಯಕ್ಕೆ ಹೋಗುತ್ತದೆ. ಅಲ್ಲಿ ಖಚಿತವಾದರೆ ಮಾತ್ರ 1 ಕಿ.ಮೀ ಒಳಗಿನ ಸಾಕುಹಕ್ಕಿಗಳನ್ನು ಕೊಲ್ಲುವುದು, 10 ಕಿ.ಮೀ ವರೆಗೆ ನಿಗಾ ಇಡುವುದು. ರಾಣಿಖೇತ್ ಅಂತ ಬಂದರೆ ಯಾರ ಕೋಳಿಯನ್ನೂ ಯಾರೂ ಬಂದು ಕೊಲ್ಲುವುದಿಲ್ಲ. ಜನರು ಫೋನ್ ಮಾಡಲು ಹೆದರುವುದು ಇದೇ ತಪ್ಪು ತಿಳಿವಳಿಕೆಯಿಂದ.

ಲೇಯರ್ ಶೆಡ್

ಸರಿ ಡಾಕ್ಟರೇ. ಹಾಗಾದರೆ ಒಂದು ಪ್ರಶ್ನೆ. ಇಡೀ ರೋಗ ತರುವುದು ಆ ತುಂಗಭದ್ರಾ ಹಿನ್ನೀರಿನ ಹಕ್ಕಿಗಳು ಅಲ್ವಾ? ಚಳಿಗಾಲ ಬಂದರೆ ಸಾವಿರಾರು ಬಾತು, ಕೊಕ್ಕರೆ ಬಂದು ಕೂರುತ್ತವೆ. ಅವನ್ನು ಪಟಾಕಿ ಹೊಡೆದು ಓಡಿಸಿದರೆ ಆಗದಾ?

ಹಿನ್ನೀರು ಹಕ್ಕಿಗಣ್ಣು

ಬೇಡ ಅಣ್ಣಾ, ಕೈ ಮುಗಿಯುತ್ತೇನೆ. ಓಡಿಸಿದರೆ ಅವು ಮಾಯವಾಗುವುದಿಲ್ಲ, ಚದುರಿ ಹತ್ತು ಕೆರೆಗೆ ಹೋಗುತ್ತವೆ. ರೋಗ ಇದ್ದರೆ ಅದೂ ಹತ್ತು ಕೆರೆಗೆ ಹೋಗುತ್ತದೆ.

ನಾನು ಮುನಿರಾಬಾದ್ ಕಡೆಯಿಂದ ತುಂಗಭದ್ರಾ ಹಿನ್ನೀರಿಗೆ ಹಕ್ಕಿ ನೋಡಲು ಹೋಗುವವನು. ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿಗೂ ಬರುತ್ತವೆ, ಗದಗ ಜಿಲ್ಲೆಯ ಮಾಗಡಿ ಕೆರೆಗೂ ಹೋಗುತ್ತವೆ. ಹಗಲು ನೀರು, ಕತ್ತಲಾದರೆ ಶೇಂಗಾ ಕಡಲೆ ಹೊಲ. ಹಕ್ಕಿ ಜ್ವರದ ಕಥೆಯಲ್ಲಿ ಈ ಹೆಬ್ಬಾತಿಗೆ ದೊಡ್ಡ ಪಾತ್ರ ಇದೆ, ಅದನ್ನು ನಾನು ಮುಚ್ಚಿಡುವುದಿಲ್ಲ. 2005ರಲ್ಲಿ ಚೀನಾದ ಚಿಂಗಾಯ್ ಸರೋವರದಲ್ಲಿ ಸಾವಿರಾರು ಕಾಡುಹಕ್ಕಿ ಸತ್ತಾಗ ಅದರಲ್ಲಿ ಇವೇ ಜಾಸ್ತಿ. 2021ರ ಜನವರಿಯಲ್ಲಿ ಹಿಮಾಚಲದ ಪೊಂಗ್ ಅಣೆಕಟ್ಟಿನ ಹಿನ್ನೀರಿನಲ್ಲೂ ಇವೇ ಸಾವಿರಗಟ್ಟಲೆ ಬಿದ್ದವು. ಅದೇ ತಿಂಗಳು ರಾಜಸ್ಥಾನ, ಮಧ್ಯಪ್ರದೇಶದಲ್ಲಿ ಕಾಗೆಗಳು, ಕೇರಳದಲ್ಲಿ ಬಾತುಕೋಳಿಗಳು.

ಆದರೆ ಈ ಕಥೆಯ ಹಿಂದಿನ ಪುಟವನ್ನೂ ಓದಬೇಕಲ್ಲ. ಈಗ ಜಗತ್ತು ಸುತ್ತುತ್ತಿರುವ ಎಚ್5 ವೈರಸ್ಸಿನ ಮೂಲ 1996ರಲ್ಲಿ ಚೀನಾದ ಗ್ವಾಂಗ್‌ಡಾಂಗ್‌ನಲ್ಲಿ ಸಿಕ್ಕಿದ್ದು ಸಾಕಿದ ಹೆಬ್ಬಾತಿನಲ್ಲಿ. ಮರುವರ್ಷ ಹಾಂಗ್‌ಕಾಂಗ್‌ನ ಕೋಳಿ ಮಾರುಕಟ್ಟೆಗಳಿಂದ 18 ಜನರಿಗೆ ಬಂತು, 6 ಜನ ತೀರಿಕೊಂಡರು. ಕಾಡುಬಾತುಗಳ ಹೊಟ್ಟೆಯಲ್ಲಿ ಸೌಮ್ಯ ಫ್ಲೂ ವೈರಸ್‌ಗಳು ಎಂದಿನಿಂದಲೂ ಇವೆ. ಅವು ಕೊಲ್ಲುವ ವೈರಸ್ಸಾಗಿ ಬದಲಾಗುವುದು ಸಾಮಾನ್ಯವಾಗಿ ಒತ್ತೊತ್ತಾಗಿ ಸಾಕಿದ ಕೋಳಿಗಳ ನಡುವೆ. ನಾವು ಕೊಟ್ಟದ್ದನ್ನೇ ಅವು ಹೊತ್ತುಕೊಂಡು ಹಾರುತ್ತಿವೆ.

ಒಂದು ಚಿಂತೆ ನನಗೆ ಬಿಡುವುದೇ ಇಲ್ಲ. ಸಿರುಗುಪ್ಪ ಕಡೆ ಎರೆ ಹೊಲಗಳಲ್ಲಿ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗಳು ಬೆರಳೆಣಿಕೆಯಷ್ಟೇ ಉಳಿದಿವೆ. ಅಂಥ ಚಿಕ್ಕ ಗುಂಪಿಗೆ ಒಂದು ಸೋಂಕು ಸಾಕು. 2023ರಲ್ಲಿ ಅಮೆರಿಕದ ಅರಿಜೋನಾದಲ್ಲಿ 21 ಕಾಂಡೋರ್ ಹದ್ದುಗಳು ಹಕ್ಕಿ ಜ್ವರದಿಂದಲೇ ಸತ್ತವು. ಅಲ್ಲಿ ಕೊನೆಗೆ ಆ ಹದ್ದುಗಳಿಗೇ ಲಸಿಕೆ ಹಾಕಲು ಶುರು ಮಾಡಿದರು. ಹೊಲದಲ್ಲಿ ಸತ್ತ ಕೋಳಿ ಎಸೆಯುವವರು ನಾಯಿ, ಕಾಗೆ, ಹದ್ದುಗಳನ್ನೂ ನೆನೆಸಿಕೊಳ್ಳಿ. ಕೆರೆ ದಂಡೆಯಲ್ಲಿ ಸತ್ತ ಹಕ್ಕಿ ಗುಂಪಾಗಿ ಕಂಡರೆ ಮುಟ್ಟಬೇಡಿ, ಫೋಟೋ ತೆಗೆದು ಅರಣ್ಯ ಇಲಾಖೆಯ 1926ಕ್ಕೆ ಹೇಳಿ.

ಲೇಯರ್ ಶೆಡ್

ಪಟಾಕಿ ಮಾತು ವಾಪಸ್. ಆದರೆ ಶೆಡ್ ಒಳಗೆ ರೋಗ ಬರುವುದು ಹೇಗೆ ಮತ್ತೆ? ಹೆಬ್ಬಾತು ನಮ್ಮ ಶೆಡ್‌ಗೆ ಬಂದು ಕೂರುವುದಿಲ್ಲವಲ್ಲ.

ಹಳ್ಳಿ ಪಶುವೈದ್ಯ

ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಹಿಕ್ಕೆ ಮೆಟ್ಟಿದ ಚಪ್ಪಲಿ, ಒಂದು ಫಾರಂನಿಂದ ಇನ್ನೊಂದಕ್ಕೆ ತಿರುಗುವ ಮೊಟ್ಟೆ ಟ್ರೇ, ತೊಳೆಯದ ಕ್ರೇಟ್, ಮೇವಿನ ಲಾರಿ, ಗೊಬ್ಬರ ಒಯ್ಯುವ ಟ್ರ್ಯಾಕ್ಟರ್. ಕಾಗದದ ಟ್ರೇ ತೊಳೆಯಲು ಬರುವುದಿಲ್ಲ, ಅದನ್ನು ವಾಪಸ್ ತೆಗೆದುಕೊಳ್ಳಲೇಬೇಡಿ. ಪ್ಲಾಸ್ಟಿಕ್ ಟ್ರೇ ಸೋಪಿನಲ್ಲಿ ಉಜ್ಜಿ, ಬ್ಲೀಚಿಂಗ್ ನೀರಿನಲ್ಲಿ ಅದ್ದಿ, ಬಿಸಿಲಿಗಿಡಿ. ಫ್ಲೂ ಮತ್ತು ರಾಣಿಖೇತ್ ವೈರಸ್‌ಗಳ ಮೇಲೆ ಕೊಬ್ಬಿನ ಪದರ ಇರುತ್ತದೆ, ಸೋಪು ಅದನ್ನು ಒಡೆಯುತ್ತದೆ. ಶೆಡ್‌ಗೆ ಬೇರೆ ಚಪ್ಪಲಿ ಇಟ್ಟುಕೊಳ್ಳಿ. ಇದೊಂದನ್ನೇ ಸರಿಯಾಗಿ ಮಾಡಿದರೂ ಅರ್ಧ ಗೆದ್ದ ಹಾಗೆ. ಬಾಗಿಲಲ್ಲಿ ಔಷಧ ನೀರಿನ ತೊಟ್ಟಿ ಎಲ್ಲರೂ ಕಟ್ಟಿಸುತ್ತಾರೆ. ತಿಂಗಳುಗಟ್ಟಲೆ ಅದೇ ಕೆಸರು ನೀರು. ಅದರಲ್ಲಿ ಕಾಲಿಡುವುದೂ ಒಂದೇ, ಬಿಡುವುದೂ ಒಂದೇ.

ಇನ್ನು ಸಿಂಧನೂರು, ಗಂಗಾವತಿ ಭತ್ತದ ಕೊಯ್ಲಾದ ಮೇಲೆ ಗದ್ದೆಗೆ ಬಾತುಕೋಳಿ ಮಂದೆ ಬರುತ್ತದಲ್ಲ, ಅದರ ಮೇಲೆ ಕಣ್ಣಿಡಿ. ಬಾತು ಎಷ್ಟೋ ಸಲ ರೋಗ ತೋರಿಸದೆಯೇ ವೈರಸ್ ಹೊರಗೆ ಹಾಕುತ್ತಿರುತ್ತದೆ. ಮಂದೆ ಕಾಯುವವರ ಮೇಲೆ ಜಗಳ ಬೇಡ, ಅವರದೂ ಹೊಟ್ಟೆಪಾಡು. ನಿಮ್ಮ ಕೋಳಿ ಆ ಗದ್ದೆಗೆ ಇಳಿಯದಂತೆ ನೋಡಿಕೊಳ್ಳಿ, ಸಾಕು.

ಮಾನ್ವಿ ಹತ್ತಿ

ಎಲ್ಲ ಸಾವೂ ವೈರಸ್ ಅಲ್ಲ ಅಂತಲೂ ಹೇಳಬೇಕು. ನಮ್ಮ ಕಡೆ ಬಿತ್ತನೆ ಹೊತ್ತಿಗೆ ಔಷಧ ಲೇಪಿಸಿದ ಬೀಜ ತಿಂದು ಪಾರಿವಾಳ, ಬೆಳವ, ನವಿಲು ಸಾಯುವುದುಂಟು. ಒಂದೇ ಹೊಲದ ಸುತ್ತ, ಒಂದೇ ದಿನ, ಕಾಳು ತಿನ್ನುವ ಹಕ್ಕಿ ಮಾತ್ರ ಬಿದ್ದಿದ್ದರೆ ಮೊದಲು ವಿಷದ ಅನುಮಾನ ಮಾಡಿ. ಇನ್ನು ರಾಯಚೂರಿನ ಏಪ್ರಿಲ್, ಮೇ ಬಿಸಿಲು ಗೊತ್ತೇ ಇದೆ. ಮಧ್ಯಾಹ್ನ ಕರೆಂಟ್ ಹೋಗಿ ಫ್ಯಾನ್, ಫಾಗರ್ ನಿಂತರೆ ಬ್ರಾಯ್ಲರ್ ಶೆಡ್‌ನಲ್ಲಿ ಸಂಜೆಯೊಳಗೆ ರಾಶಿ ಬೀಳುತ್ತದೆ. ಅದನ್ನೂ ಜನ ಹಕ್ಕಿ ಜ್ವರ ಅಂದದ್ದು ಕೇಳಿದ್ದೇನೆ.

ಹಿನ್ನೀರು ಹಕ್ಕಿಗಣ್ಣು

ನಿಜ. 2019ರ ನವೆಂಬರ್‌ನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ 18 ಸಾವಿರಕ್ಕಿಂತ ಜಾಸ್ತಿ ಹಕ್ಕಿ ಸತ್ತವು. ಎಲ್ಲರೂ ಹಕ್ಕಿ ಜ್ವರ ಅಂದರು. ಪರೀಕ್ಷೆ ಮಾಡಿದರೆ ಬಾಟ್ಯುಲಿಸಂ, ಬ್ಯಾಕ್ಟೀರಿಯಾದ ವಿಷ. ಅದು ಗೊತ್ತಾದದ್ದೂ ಮಾದರಿ ಕಳಿಸಿದ್ದರಿಂದಲೇ.

ಸಿಂಧನೂರು ಸೊಸೆ

ಎಲ್ಲರೂ ದೊಡ್ಡ ದೊಡ್ಡ ಮಾತು ಆಡಿದ್ದೀರಿ. ಕಣಜ ಅಣ್ಣನವರಿಗೆ ಬೇಕಾದದ್ದು ಮುಂದೆ ಹೀಗಾಗದಂತೆ ಏನು ಮಾಡಬೇಕು ಅಂತ. ನಾನು ಅದನ್ನು ಹೇಳುತ್ತೇನೆ.

ನಮ್ಮ ಓಣಿಯಲ್ಲೂ ವರ್ಷಾ ಕೋಳಿ ಸಾಯುತ್ತಿದ್ದವು. ಲಸಿಕೆ ಇದೆ ಅಂತ ಎಲ್ಲರಿಗೂ ಗೊತ್ತು, ಯಾರೂ ಹಾಕಿಸುವುದಿಲ್ಲ. ಯಾಕೆ? ಲಸಿಕೆ ಬಾಟಲಿ ಬರುವುದೇ 100 ಡೋಸ್‌ಗೆ, ಇಲ್ಲವೇ 500, 1000ಕ್ಕೆ. ನನ್ನ ಹತ್ತು ಕೋಳಿಗೆ ಯಾರು ಒಡೆಯುತ್ತಾರೆ? ಕಲೆಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು, ನಾಳೆಗೆ ಇಡಲು ಬರುವುದಿಲ್ಲ. ಒಂದು ಆಸ್ಪತ್ರೆಯಲ್ಲಂತೂ "ಸ್ಟಾಕ್ ಇಲ್ಲ, ಮುಂದಿನ ವಾರ ಬಾ" ಅಂತಲೇ ಸಾಗಹಾಕಿದರು. ಒಬ್ಬಳೇ ಹೋದರೆ ಉತ್ತರ ಹಾಗೇ ಇರುತ್ತದೆ.

ಅದಕ್ಕೇ ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಮಾತಾಡಿ, ಯಾರ ಮನೆಯಲ್ಲಿ ಎಷ್ಟು ಕೋಳಿ ಅಂತ ಚೀಟಿ ಬರೆದೆವು. ಆ ಚೀಟಿ ಹಿಡಿದು ಹತ್ತಾರು ಹೆಂಗಸರು ಹೋದಾಗ ಲಸಿಕೆ ಸಿಕ್ಕಿತು. ಫ್ಲಾಸ್ಕ್ ತುಂಬ ಐಸ್ ಹಾಕಿ ತಂದೆವು. ಈ ಐಸ್ ವಿಷಯ ಸಣ್ಣದಲ್ಲ. 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ನಮ್ಮ ಬಿಸಿಲಿನಲ್ಲಿ ಬಸ್ಸಿನ ಕಿಟಕಿ ಪಕ್ಕ ಇಟ್ಟುಕೊಂಡು ಬಂದರೆ ಊರು ಮುಟ್ಟುವ ಹೊತ್ತಿಗೆ ಅದು ಬರೀ ನೀರು. ಹಾಕಿದ ಮೇಲೂ ಸತ್ತವು ಅಂತ ಲಸಿಕೆಯನ್ನು ಬೈಯುವವರು ಮೊದಲು ಬಾಟಲಿ ಹೇಗೆ ತಂದರು ಅಂತ ನೋಡಿಕೊಳ್ಳಬೇಕು.

ಮರಿಗೆ ಮೊದಲ ವಾರದಲ್ಲಿ ಲಸೋಟಾ ಅನ್ನುವ ರಾಣಿಖೇತ್ ಲಸಿಕೆ, ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ. ಹನಿ ಒಳಗೆ ಇಳಿಯುವವರೆಗೆ ಮರಿಯನ್ನು ಕೈಯಲ್ಲೇ ಹಿಡಿದಿರಬೇಕು, ಕೊಡವಿದರೆ ಹೋಯಿತು. ನಾಲ್ಕು ವಾರಕ್ಕೆ ಮತ್ತೊಮ್ಮೆ, ಆಗ ನೀರಿನಲ್ಲಿ ಕೊಡಬಹುದು. ನೀರಿನಲ್ಲಿ ಕೊಡುವುದಾದರೆ ಪಂಚಾಯಿತಿ ನಲ್ಲಿ ನೀರು ಬೇಡವೇ ಬೇಡ, ಅದರಲ್ಲಿ ಬ್ಲೀಚಿಂಗ್ ಇರುತ್ತದೆ, ಲಸಿಕೆ ಸತ್ತುಹೋಗುತ್ತದೆ. ಬೋರ್ ನೀರಿಗೆ ಲೀಟರಿಗೆ ಒಂದು ಚಮಚ ಕೆನೆರಹಿತ ಹಾಲಿನ ಪುಡಿ ಹಾಕಿ. ಅದಕ್ಕೂ ಮುಂಚೆ ಒಂದೆರಡು ತಾಸು ಕೋಳಿಗೆ ನೀರು ಇಡಬೇಡಿ, ಬಾಯಾರಿದ್ದರೆ ಎಲ್ಲವೂ ಒಟ್ಟಿಗೆ ಬಂದು ಕುಡಿಯುತ್ತವೆ. ಎರಡು ತಿಂಗಳು ದಾಟಿದ ಮೇಲೆ ಆರ್2ಬಿ ಅನ್ನುವ ಇನ್ನೊಂದು ರಾಣಿಖೇತ್ ಲಸಿಕೆ, ಚರ್ಮದ ಕೆಳಗೆ ಸೂಜಿ. ಇದನ್ನು ಮರಿಗೆ ಹಾಕಬಾರದು, ಅದರಿಂದಲೇ ರೋಗ ಬರಬಹುದು ಅಂತ ನಮ್ಮ ಡಾಕ್ಟರ್ ಹೇಳಿದ್ದರು. ಆಮೇಲೆ ಆರು ತಿಂಗಳಿಗೊಮ್ಮೆ.

ಒಂದು ಮನೆಯವರು "ನಮ್ಮ ಕೋಳಿಗೆ ಸೂಜಿ ಬೇಡ, ಮೊಟ್ಟೆ ಇಡುವುದು ಬಿಡುತ್ತವೆ" ಅಂತ ಹಠ ಹಿಡಿದರು. ಅವರ ಅತ್ತೆಯನ್ನು ಒಪ್ಪಿಸಿದ್ದು ನಮ್ಮ ಸಂಘದ ಅಜ್ಜಿ. "ಸತ್ತ ಕೋಳಿ ಎಷ್ಟು ಮೊಟ್ಟೆ ಇಡುತ್ತದವ್ವಾ?" ಅಂದಳು, ಅಷ್ಟೇ.

ಹಳ್ಳಿ ಪಶುವೈದ್ಯ

ಅಕ್ಕಾ, ನಮ್ಮ ಟ್ರೈನಿಂಗ್‌ನಲ್ಲಿ ನಿಮ್ಮನ್ನೇ ಕರೆಸಿ ಮಾತಾಡಿಸಬೇಕು. ಒಂದೇ ಸೇರ್ಪಡೆ. ಈಗಾಗಲೇ ಮಂಕಾಗಿರುವ ಕೋಳಿಗೆ ಲಸಿಕೆ ಹಾಕಬೇಡಿ, ಪ್ರಯೋಜನವಿಲ್ಲ. ರೋಗ ಇರುವ ಮನೆಯಿಂದ ಎದ್ದು ಆರೋಗ್ಯವಾಗಿರುವ ಮನೆಗೆ ಅದೇ ಕೈ, ಅದೇ ಸೂಜಿಯಲ್ಲಿ ಹೋಗಬೇಡಿ. ಮೊದಲು ಚೆನ್ನಾಗಿರುವ ಮನೆ, ಕೊನೆಗೆ ಅನುಮಾನದ ಮನೆ.

ಹಾಗೇ, ಹಕ್ಕಿ ಜ್ವರದ ಎಚ್5ಎನ್1ಗೆ ನಮ್ಮ ದೇಶದಲ್ಲಿ ಕೋಳಿಗೆ ಲಸಿಕೆ ಹಾಕುವ ಪದ್ಧತಿ ಇಲ್ಲ. ಯಾರಾದರೂ "ಹಕ್ಕಿ ಜ್ವರದ ಇಂಜೆಕ್ಷನ್" ಅಂತ ಮಾರಲು ಬಂದರೆ ವಾಪಸ್ ಕಳಿಸಿ.

ಮಸ್ಕಿ ಮಲ್ಲಿಗೆ

ಡಾಕ್ಟರೇ, ಮಧ್ಯೆ ಒಂದು ಸಣ್ಣ ಪ್ರಶ್ನೆ. ನಮ್ಮ ಮರಿಗಳ ಜುಟ್ಟು, ಕಣ್ಣಿನ ಸುತ್ತ ಕಪ್ಪು ಗಂಟು ಗಂಟು ಎದ್ದಿದೆ. ಒಂದರ ಕಣ್ಣೇ ಮುಚ್ಚಿಹೋಗಿದೆ.

ಹಳ್ಳಿ ಪಶುವೈದ್ಯ

ಕೋಳಿ ಸಿಡುಬು ಇರಬೇಕಮ್ಮಾ. ಸೊಳ್ಳೆಯಿಂದ ಹರಡುತ್ತದೆ, ನಾಟಿ ಮುಗಿದು ಗದ್ದೆ ತುಂಬ ನೀರು ನಿಂತಾಗ ಜಾಸ್ತಿ. ಗಂಟು ಕೀಳಬೇಡಿ, ಅಯೋಡಿನ್ ಹಚ್ಚಿ, ಕಣ್ಣು ಕಾಣದ ಮರಿಗೆ ಕೈಯಿಂದ ತಿನ್ನಿಸಿ. ಬಹಳಷ್ಟು ಉಳಿಯುತ್ತವೆ. ಗಂಟಲೊಳಗೆ ಹಳದಿ ಪೊರೆ ಕಟ್ಟಿದರೆ ಮಾತ್ರ ಕಷ್ಟ. ಮುಂದಿನ ಬ್ಯಾಚಿಗೆ ಆರರಿಂದ ಎಂಟು ವಾರದಲ್ಲಿ ರೆಕ್ಕೆಯ ಪೊರೆಗೆ ಚುಚ್ಚುವ ಲಸಿಕೆ ಇದೆ. ಮನುಷ್ಯರಿಗೆ ಬರುವುದಿಲ್ಲ.

ಕಾರಟಗಿ ಕಣಜ

ಎಲ್ಲರಿಗೂ ಧನ್ಯವಾದ. 1962ಕ್ಕೆ ಫೋನ್ ಮಾಡಿದೆ. ಬಂದವರು ಮೈತುಂಬ ಬಿಳಿ ಕವಚ ಹಾಕಿಕೊಂಡು ಇಳಿದಾಗ ಓಣಿಯವರೆಲ್ಲ ಬಾಗಿಲು ಹಾಕಿಕೊಂಡರು. ಗಂಟಲು ಮತ್ತು ಗುದದಿಂದ ಸ್ವಾಬ್ ತೆಗೆದರು, ಆಗಷ್ಟೇ ಸತ್ತ ಎರಡು ಕೋಳಿಯನ್ನೂ ಐಸ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೋದರು. ಈಗ ಫಲಿತಾಂಶ ಬಂದಿದೆ. ಹಕ್ಕಿ ಜ್ವರ ಇಲ್ಲ. ರಾಣಿಖೇತ್. ಮಾವನವರು ಎರಡು ದಿನದಿಂದ ಮೀಸೆ ತಿರುವುತ್ತಿದ್ದಾರೆ.

ಓಣಿಯಲ್ಲಿ ಒಂದಿಬ್ಬರು "ಸುಮ್ನೆ ಹೆದರಿಸಿದೆ" ಅಂತ ಮುಖ ತಿರುಗಿಸಿದರು. ಇರಲಿ ಬಿಡಿ. ಈಗ ಮೊಟ್ಟೆ ಮತ್ತು ಮಾಂಸದ ಪ್ರಶ್ನೆ ಉಳಿದಿದೆ. ಮಕ್ಕಳು ಶಾಲೆಯಲ್ಲಿ ಕೊಡುವ ಮೊಟ್ಟೆ ತಿನ್ನಲೂ ನನ್ನ ಹೆಂಡತಿ ಬೇಡ ಅನ್ನುತ್ತಿದ್ದಾಳೆ. ಮತ್ತೆ ಹೊಸ ಮರಿ ಯಾವಾಗ ತರಬಹುದು?

ರಾಯಚೂರು ಚಿಕನ್

ಭಾಯ್, ಶಾಲೆ ಮೊಟ್ಟೆ ನಿಲ್ಲಿಸಬೇಡಿ. 2021ರ ಡಿಸೆಂಬರ್‌ನಲ್ಲಿ ನಮ್ಮ ಕಲ್ಯಾಣ ಕರ್ನಾಟಕದ ಮಕ್ಕಳಿಗೇ ಮೊದಲು ಮೊಟ್ಟೆ ಶುರುವಾದದ್ದು, ಅದು ಸುಮ್ನೆ ಬಂದ ಸೌಲಭ್ಯ ಅಲ್ಲ. ಚೆನ್ನಾಗಿ ಬೇಯಿಸಿದ ಮೊಟ್ಟೆಯಲ್ಲಿ ಹಕ್ಕಿ ಜ್ವರದ್ದಾಗಲಿ, ರಾಣಿಖೇತ್‌ದಾಗಲಿ ವೈರಸ್ ಉಳಿಯುವುದಿಲ್ಲ. ಒಳಗಿನವರೆಗೆ 70 ಡಿಗ್ರಿ ಬಿಸಿ ಮುಟ್ಟಿದರೆ ಸಾಕು. ನಮ್ಮ ಕಡೆ ಮಟನ್, ಚಿಕನ್ ಅರೆಬೆಂದದ್ದು ತಿನ್ನುವವರು ಯಾರಿದ್ದಾರೆ? ಸಾರು ಕೊತ ಕೊತ ಕುದಿದ ಮೇಲೆ ಭಯವಿಲ್ಲ. ಹಾಫ್ ಬಾಯಿಲ್, ಬುಲ್ಸ್ ಐ ಮಾತ್ರ ರೋಗದ ಸಮಯದಲ್ಲಿ ಬೇಡ.

ಅಪಾಯ ಇರುವುದು ಬೇಯಿಸುವ ಮುಂಚೆ. 2025ರ ಮಾರ್ಚ್‌ನಲ್ಲಿ ಆಂಧ್ರದ ಪಲ್ನಾಡು ಜಿಲ್ಲೆಯ ಎರಡು ವರ್ಷದ ಹೆಣ್ಣುಮಗು ಹಕ್ಕಿ ಜ್ವರದಿಂದ ತೀರಿಕೊಂಡಿತು. ಹಸಿ ಕೋಳಿ ಮಾಂಸದ ಚೂರು ಬಾಯಿಗೆ ಹಾಕಿಕೊಂಡಿತ್ತು ಅಂತ ಸುದ್ದಿಯಲ್ಲಿ ಬಂದಿತ್ತು. ಆ ಸುದ್ದಿ ಓದಿದ ದಿನದಿಂದ ಅಂಗಡಿಯಲ್ಲಿ ತೂಕ ಹಾಕುವಾಗ ಮಕ್ಕಳನ್ನು ಕೌಂಟರ್ ಹತ್ತಿರ ಬಿಡುವುದಿಲ್ಲ. ಮನೆಯಲ್ಲೂ ಮಾಂಸ ಕೊಚ್ಚಿದ ಹಲಗೆ, ಈಳಿಗೆ ಸೋಪಿನಲ್ಲಿ ತೊಳೆಯುವ ಮುಂಚೆ ಅದರಲ್ಲೇ ಸೌತೆಕಾಯಿ ಹೆಚ್ಚಬೇಡಿ.

ಮಲ್ಲಿಗೆ ಅಕ್ಕ ಹೇಳಿದ "ಸಾಯುವ ಮುಂಚೆ ಕೊಯ್ದು ಸಾರು" ಇದೆಯಲ್ಲ, ಅದು ಸರಿಯಲ್ಲ. ತಿನ್ನುವುದಕ್ಕಿಂತ ಜಾಸ್ತಿ ಅಪಾಯ ಕೊಯ್ಯುವವರಿಗೆ, ಪುಕ್ಕ ಕೀಳುವವರಿಗೆ. ಮನೆಯಲ್ಲಿ ಆ ಕೆಲಸ ಮಾಡುವುದು ಯಾರು ಅಂತ ನೀವೇ ಹೇಳಿ. ನನ್ನ ಅಂಗಡಿಗೆ ಮಂಕು ಕೋಳಿ ಅರ್ಧ ರೇಟಿಗೆ ಕೊಡುತ್ತೇವೆ ಅಂತ ಬರುವವರಿದ್ದಾರೆ. ತೆಗೆದುಕೊಳ್ಳುವ ಅಂಗಡಿಗಳೂ ಇವೆ, ಸುಳ್ಳು ಯಾಕೆ ಹೇಳಲಿ.

ಹಳ್ಳಿ ಪಶುವೈದ್ಯ

ಭಾಯ್ ಹೇಳಿದ್ದಕ್ಕೆ ನನ್ನ ಸಹಿ ಇದೆ.

ಕಣಜ ಅವರೇ, ಹೊಸ ಮರಿಗೆ ಅವಸರ ಬೇಡ. ಹಳೆಯ ಹೊಟ್ಟು, ಹಿಕ್ಕೆ, ಪುಕ್ಕ ಎಲ್ಲ ಕೆರೆದು ತೆಗೆದು ಸುಣ್ಣ ಹಾಕಿ ಆಳವಾಗಿ ಹೂಳಿ. ಗೂಡಿನ ನೆಲಕ್ಕೆ ಸೋಪಿನ ನೀರು, ಒಣಗಿದ ಮೇಲೆ ಬ್ಲೀಚಿಂಗ್, ಆಮೇಲೆ ಸುಣ್ಣ. ಹಿಕ್ಕೆ ಮೆತ್ತಿಕೊಂಡಿದ್ದಾಗಲೇ ಔಷಧ ಹೊಡೆದರೆ ಅದು ಹಿಕ್ಕೆಯ ಮೇಲೆಯೇ ಉಳಿಯುತ್ತದೆ, ನೆಲ ಮುಟ್ಟುವುದಿಲ್ಲ. ನಮ್ಮ ಬಿಸಿಲು ಇಲ್ಲಿ ನಿಮ್ಮ ಪರ. ಗೂಡನ್ನು ಒಂದು ತಿಂಗಳಾದರೂ ಖಾಲಿ ಬಿಟ್ಟು ಬಿಸಿಲು ಬೀಳಲು ಬಿಡಿ. ಉಳಿದುಕೊಂಡ ಹ್ಯಾಟೆಗಳು ನೋಡಲು ಚೆನ್ನಾಗಿದ್ದರೂ ಕೆಲವು ವಾರ ವೈರಸ್ ಹೊರಗೆ ಹಾಕುತ್ತಿರಬಹುದು, ಅವುಗಳ ಜೊತೆ ಹೊಸ ಮರಿ ಬಿಡಬೇಡಿ.

ಮರಿ ತರುವಾಗ ಹ್ಯಾಚರಿಯಲ್ಲೇ ಮೊದಲ ದಿನ ಮರೆಕ್ಸ್ ಅನ್ನುವ ಇನ್ನೊಂದು ವೈರಸ್ ರೋಗದ ಲಸಿಕೆ ಹಾಕಿದ್ದಾರಾ ಕೇಳಿ. ಎರಡನೇ ವಾರದಲ್ಲಿ ಗುಂಬೋರೊ ಲಸಿಕೆ ಇದೆ, ಗಿರಿರಾಜ ಮರಿ ಜಾಸ್ತಿ ತರುವುದಾದರೆ ಅದನ್ನು ಬಿಡಬೇಡಿ. ಗುಂಬೋರೊ ವೈರಸ್ ಮಹಾ ಗಟ್ಟಿ. ಅದಕ್ಕೆ ಕೊಬ್ಬಿನ ಪದರ ಇಲ್ಲ, ಸೋಪಿಗೆ ಜಗ್ಗುವುದಿಲ್ಲ, ಖಾಲಿ ಶೆಡ್‌ನಲ್ಲೂ ತಿಂಗಳುಗಟ್ಟಲೆ ಕಾಯುತ್ತದೆ. ಮೂರರಿಂದ ಆರು ವಾರದ ಮರಿಯ ರೋಗನಿರೋಧಕ ಶಕ್ತಿಯನ್ನೇ ಅದು ಮುರಿಯುತ್ತದೆ. ಅಂಥ ಮರಿಗೆ ಆಮೇಲೆ ರಾಣಿಖೇತ್ ಲಸಿಕೆ ಹಾಕಿದರೂ ಸರಿಯಾಗಿ ಹಿಡಿಯುವುದಿಲ್ಲ. ಲಸಿಕೆ ಹಾಕಿದರೂ ಸತ್ತವು ಅನ್ನುವ ದೂರಿಗೆ ಇದೂ ಒಂದು ಕಾರಣ.

ಸಂತೆಯಿಂದ ತಂದ ಕೋಳಿ, ಸಂತೆಯಲ್ಲಿ ಮಾರದೆ ವಾಪಸ್ ತಂದ ಕೋಳಿ, ಜಾತ್ರೆಗೆ ಅಂತ ತಂದು ಕಟ್ಟಿದ ಹುಂಜ, ಮೂರಕ್ಕೂ ಒಂದೇ ನಿಯಮ. ಎರಡು ಮೂರು ವಾರ ಬೇರೆ ಕಡೆ ಇಡಿ. ಅವಕ್ಕೆ ಕಾಳು ನೀರು ಕೊನೆಗೆ ಹಾಕಿ, ಮೊದಲು ನಿಮ್ಮ ಹಳೆ ಕೋಳಿಗೆ.

ಲೇಯರ್ ಶೆಡ್

ನಮ್ಮ ಶೆಡ್‌ನಲ್ಲಿ ಇವತ್ತಿಂದ ಕಾಗದದ ಟ್ರೇ ವಾಪಸ್ ಬಂದ್. ವ್ಯಾಪಾರಿ ಗೊಣಗಿದ, ಗೊಣಗಲಿ. ಕಣಜ ಅವರೇ, ಓಣಿ ಲಸಿಕೆಗೆ ಐಸ್ ಬಾಕ್ಸ್ ಬೇಕಿದ್ದರೆ ನನ್ನ ಹತ್ತಿರ ದೊಡ್ಡದಿದೆ, ಗಂಗಾವತಿ ಕಡೆ ಮೊಟ್ಟೆ ಗಾಡಿ ಬರುವಾಗ ಕಳಿಸುತ್ತೇನೆ. ತೊಳೆದು ಕಳಿಸುತ್ತೇನೆ, ಡಾಕ್ಟರು ಬೈಯುವ ಮುಂಚೆ ಹೇಳಿಬಿಡುತ್ತೇನೆ.

ಕೌಲ್‌ಬಜಾರ್ ಪಾರಿವಾಳ

ತಡವಾಗಿ ಬಂದೆ. ಬಳ್ಳಾರಿಯಲ್ಲಿ ಮಾಳಿಗೆ ಮೇಲೆ ಪಾರಿವಾಳ ಸಾಕಿದ್ದೇನೆ. ಅವಕ್ಕೂ ಕುತ್ತಿಗೆ ತಿರುಚಿ, ತಲೆಕೆಳಗಾಗಿ ಸುತ್ತುವ ರೋಗ ಬಂದಿದೆ. ಸಾಯುವುದು ಕಡಿಮೆ, ಆದರೆ ನೀರು ವಿಪರೀತ ಕುಡಿಯುತ್ತವೆ. ಇದೂ ಅದೇನಾ ಸರ್? ಕೆಳಗೆ ಮನೆಯವರ ಕೋಳಿ ಇವೆ.

ಹಳ್ಳಿ ಪಶುವೈದ್ಯ

ಅದರ ದಾಯಾದಿ. ರಾಣಿಖೇತ್ ವೈರಸ್ಸಿನದೇ ಪಾರಿವಾಳಕ್ಕೆ ಹೊಂದಿಕೊಂಡ ತಳಿ. ನೀರು ಜಾಸ್ತಿ ಕುಡಿಯುವುದು, ನೀರು ಹಿಕ್ಕೆ, ಕುತ್ತಿಗೆ ತಿರುಚುವುದು, ಇವೇ ಲಕ್ಷಣ. ಕೋಳಿಗೂ ದಾಟಬಹುದು, ಆದ್ದರಿಂದ ಮಾಳಿಗೆಯ ಹಿಕ್ಕೆ ಕೆಳಗೆ ಗುಡಿಸಿ ಹಾಕಬೇಡಿ, ಕೋಳಿಯ ಮೇವಿನ ಮೇಲೆ ಪಾರಿವಾಳ ಕೂರಲು ಬಿಡಬೇಡಿ. ಕುತ್ತಿಗೆ ತಿರುಚಿದ ಹಕ್ಕಿಗೆ ಚಪ್ಪಟೆ ತಟ್ಟೆಯಲ್ಲಿ ಕೊಟ್ಟರೆ ಕಾಳು ಸಿಗುವುದಿಲ್ಲ, ಆಳದ ಬಟ್ಟಲಿನಲ್ಲಿ ತುಂಬ ಕಾಳು ಹಾಕಿಡಿ, ಕೊಕ್ಕು ಎಲ್ಲಿ ಬಿದ್ದರೂ ಸಿಗುತ್ತದೆ. ಕೆಲವು ವಾರದಲ್ಲಿ ಬಹಳಷ್ಟು ಸುಧಾರಿಸುತ್ತವೆ. ಅಲ್ಲಿಯವರೆಗೆ ಪಂದ್ಯಕ್ಕೆ ಬಿಡಬೇಡಿ, ಯಾರಿಗೂ ಮಾರಬೇಡಿ. ಒಂದೆರಡರ ಸ್ವಾಬ್ ತೆಗೆಸಿಬಿಡಿ, ಬಳ್ಳಾರಿಯಲ್ಲೇ ಇದ್ದೀರಲ್ಲ, ಜಿಲ್ಲಾ ಪಶು ಆಸ್ಪತ್ರೆಗೆ ಬೆಳಿಗ್ಗೆಯೇ ಹೋಗಿ.